ಕಂಪ್ಯೂಟರ್ ಇರುವಾಗ ಕೈಲೆಕ್ಕ ಏಕೆ?

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಶಾಖ ವಿನಿಮಯಕಗಳ ವಿನ್ಯಾಸಕ್ಕೆ ಸಾಫ್ಟ್‌ವೇರ್ ಕಲಿತರೆ ಸಾಲದೆ? ಸೂತ್ರಗಳನ್ನೂ ಅರೆದು ಕುಡಿಯಬೇಕೆ?

ಉತ್ತರ: ಅರೆದು ಕುಡಿಯುವುದು ಬೇಡ. ಆದರೆ ಉತ್ತರ ಎಷ್ಟರ ಆಸುಪಾಸಿನಲ್ಲಿ ಬರಬೇಕೆಂಬುದು ನಿಮಗೆ ಮೊದಲೇ ಗೊತ್ತಿರಬೇಕು. ಒಂದು ಲೆಕ್ಕ ನೋಡಿ. ಸೆಕೆಂಡಿಗೆ 1 ಕೆಜಿಯಂತೆ ಹರಿಯುವ ಬಿಸಿನೀರನ್ನು 80 ಡಿಗ್ರಿ ಸೆಲ್ಸಿಯಸ್‌ನಿಂದ 60ಕ್ಕೆ ಇಳಿಸಬೇಕು. ಅಷ್ಟೇ ಪ್ರಮಾಣದ ತಣ್ಣೀರು 30ರಿಂದ 50ಕ್ಕೆ ಏರುತ್ತದೆ. ವರ್ಗವಾಗುವ ಶಾಖ ಸುಮಾರು 84 ಕಿಲೋವ್ಯಾಟ್. ಎರಡೂ ಎದುರುಬದುರಾಗಿ ಹರಿದರೆ ಉದ್ದಕ್ಕೂ 30 ಡಿಗ್ರಿ ಅಂತರ ಉಳಿಯುತ್ತದೆ. ಪ್ರತಿ ಡಿಗ್ರಿ ಅಂತರಕ್ಕೆ, ಚದರ ಮೀಟರಿಗೆ 1,000 ವ್ಯಾಟ್ ದಾಟುತ್ತದೆಂದು ಹಿಡಿದರೆ 2.8 ಚದರ ಮೀಟರ್ ಮೇಲ್ಮೈ ಸಾಕು. ಒಂದೇ ದಿಕ್ಕಿಗೆ ಹರಿಸಿದರೆ ಅಂತರ 50ರಿಂದ 10ಕ್ಕೆ ಕುಸಿಯುತ್ತದೆ. ಲಾಗರಿದಮ್ ಸರಾಸರಿ 25ರಷ್ಟಾಗಿ, 3.4 ಚದರ ಮೀಟರ್ ಬೇಕಾಗುತ್ತದೆ. ಸಾಫ್ಟ್‌ವೇರ್ 12 ಎಂದರೆ ಎಲ್ಲೋ ಎಡವಟ್ಟಾಗಿದೆ ಎಂದು ಆಗ ತಕ್ಷಣ ಹೊಳೆಯುತ್ತದೆ.

ಕಂಪ್ಯೂಟರ್ ನಿಜಕ್ಕೂ ಬೇಕಾಗುವುದು ಕೊಳವೆಯ ತಿರುವಿನ ಸುಳಿಗಳಿಗೆ, ರೇಡಿಯೇಟರ್ ರೆಕ್ಕೆಗಳ ನಡುವಿನ ಗಾಳಿಗೆ. ಹರಿವಿನ ಜಾಗವನ್ನು ಪುಟ್ಟ ಕೋಶಗಳಾಗಿ ಒಡೆದು ಒಂದೊಂದರಲ್ಲೂ ಸಮೀಕರಣ ಬಿಡಿಸುತ್ತಾರೆ. ಕೋಶದ ಅಂಚುಗಳನ್ನು ಅರ್ಧಕ್ಕಿಳಿಸಿದರೆ ಕೋಶಗಳು 8 ಪಟ್ಟಾಗುತ್ತವೆ. ಹಾಗೆ ಮಾಡಿದಾಗಲೂ ಉತ್ತರ ಬದಲಾಗುತ್ತಲೇ ಇದ್ದರೆ, ಪರದೆಯ ಬಣ್ಣದ ಚಿತ್ರ ಎಷ್ಟೇ ಚೆಂದವಿರಲಿ, ನಂಬಬೇಡಿ.

ಇಂಥ ಲೆಕ್ಕ ಬಿಡಿಸುವ ಓಪನ್‌ಫೋಮ್ ಸಾಫ್ಟ್‌ವೇರ್ ಉಚಿತ; ಅದನ್ನು ಕಲಿಸುವ ಐಐಟಿ ಬಾಂಬೆಯ ಫಾಸಿ ಯೋಜನೆಯ ಪಾಠಗಳೂ ಉಚಿತ. ಮೊದಲು ಉದ್ದನೆಯ ನೇರ ಕೊಳವೆಯಲ್ಲಿ ಪ್ರಕ್ಷುಬ್ಧತೆ ಇಲ್ಲದ ನಿಧಾನ ಹರಿವನ್ನು ಬಿಡಿಸಿ. ಗೋಡೆಯ ಉಷ್ಣತೆ ಏಕರೂಪವಾಗಿದ್ದರೆ, ಗೋಡೆಯಿಂದ ಹರಿವಿಗೆ ಶಾಖ ಎಷ್ಟು ಚೆನ್ನಾಗಿ ದಾಟುತ್ತದೆಂದು ಸೂಚಿಸುವ ನುಸೆಲ್ಟ್ ಸಂಖ್ಯೆ 3.66ಕ್ಕೆ ಬಂದು ನಿಲ್ಲಬೇಕು. ಅದು ಬಂದ ಮೇಲೆ ರೇಡಿಯೇಟರಿಗೆ ಕೈ ಹಾಕಿ.