ಖಾಲಿ ಬಿಟ್ಟ ಚೌಕ

ಅಮೆರಿಕದಲ್ಲಿ ಡಾಕ್ಟರ ಹತ್ತಿರ ಹೋದಾಗ ತುಂಬಲು ಕೊಡುವ ಫಾರಂನಲ್ಲಿ ‘ನಿಮ್ಮ ಜನಾಂಗ ಯಾವುದು?’ ಎಂಬ ಪ್ರಶ್ನೆ ಇರುತ್ತದಲ್ಲ, ಅದಕ್ಕೆ ನೀವೇನು ಬರೆಯುತ್ತೀರಿ? ನಾನಂತೂ ವರ್ಷಗಟ್ಟಲೆ ಖಾಲಿ ಬಿಟ್ಟೆ. ಜಾತಿ ಕೇಳುವುದು ಊರಿಗೇ ಮುಗಿಯಿತು ಅಂದುಕೊಂಡರೆ ಇಲ್ಲೂ ಅದೇ ರಾಮಾಯಣವೇ ಎಂಬ ಸಿಡುಕು.

ಆಮೇಲೆ ಒಂದು ಸಂಶೋಧನಾ ತಂಡ ಸೇರಿದೆ. ಯಾವ ಸಮುದಾಯಕ್ಕೆ ಯಾವ ಕಾಯಿಲೆ ಹೆಚ್ಚು, ಯಾರಿಗೆ ಚಿಕಿತ್ಸೆ ತಡವಾಗುತ್ತಿದೆ ಎಂದು ಹುಡುಕುವ ಕೆಲಸ. ಅಲ್ಲಿ ನೋಡಿದರೆ, ನನ್ನಂಥವರು ಬಿಟ್ಟ ಖಾಲಿ ಚೌಕಗಳದ್ದೇ ತಲೆನೋವು! 2020ರ ಮೇ ಕೊನೆಯವರೆಗೆ ಇಲ್ಲಿ ವರದಿಯಾದ ಸುಮಾರು 13 ಲಕ್ಷ ಕೋವಿಡ್ ರೋಗಿಗಳಲ್ಲಿ ಜನಾಂಗದ ಮಾಹಿತಿ ಇದ್ದದ್ದು ಶೇ. 45 ಮಂದಿಯದು ಮಾತ್ರ.

ಖಾಲಿ ಇದ್ದವರನ್ನು ಕೈಬಿಟ್ಟು ಲೆಕ್ಕ ಹಾಕುವುದು ಸುಲಭ. ಆದರೆ ಖಾಲಿ ಬಿಟ್ಟವರು ಯಾರು? ಆಂಬುಲೆನ್ಸ್‌ನಲ್ಲಿ ಪ್ರಜ್ಞೆಯಿಲ್ಲದೆ ಬಂದವರು, ಇಂಗ್ಲಿಷ್ ಬಾರದವರು, ವೀಸಾ ಭಯದವರು. ಅವರನ್ನೇ ಬಿಟ್ಟರೆ ನಾವು ಹುಡುಕಹೊರಟ ಅಸಮಾನತೆಯೇ ಮಾಯ! ಅದಕ್ಕೇ ಸಂಖ್ಯಾಶಾಸ್ತ್ರಜ್ಞರು ರೋಗಿಯ ವಯಸ್ಸು, ವಿಮೆ, ಕಾಯಿಲೆ ನೋಡಿ ಖಾಲಿ ಜಾಗವನ್ನು ಊಹೆಯಿಂದ ತುಂಬುತ್ತಾರೆ. ಒಂದು ಸಲವಲ್ಲ, ಹಲವು ಸಲ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ. ಉತ್ತರಗಳು ಎಷ್ಟು ಅಲ್ಲಾಡುತ್ತವೆಯೋ, ನಮ್ಮ ಅನುಮಾನವೂ ಅಷ್ಟು ಹೆಚ್ಚು. ಪ್ರಾಮಾಣಿಕ ವಿಧಾನವೇ ಸರಿ.

ಇನ್ನೊಂದು ವಿಧಾನದಲ್ಲಿ ಸರ್‌ನೇಮ್ ಮತ್ತು ವಿಳಾಸದಿಂದ ಜನಾಂಗವನ್ನು ಅಂದಾಜು ಮಾಡುತ್ತಾರೆ. ಪಟೇಲರಾದರೆ ಸರಿ. ನಮ್ಮ ಮಂಗಳೂರಿನ ಫರ್ನಾಂಡಿಸ್? ಅವರನ್ನು ಬೇರೆ ಯಾವುದೋ ಗುಂಪಿಗೆ ಸೇರಿಸಿಬಿಡುವ ಸಂಭವವೇ ಹೆಚ್ಚು. ಇನ್ನು ಪಾಸ್‌ಪೋರ್ಟಿಗಾಗಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಕೊನೆಗೆ ಅಂಟಿಸಿಕೊಂಡ ನಮ್ಮಂಥವರನ್ನು ಆ ದೇವರೇ ಕಂಡುಹಿಡಿಯಬೇಕು! ಊಹೆ ಸರಿಯಾದರೂ ಚೀನೀಯರು, ಫಿಲಿಪಿನೋಗಳು, ನಾವು ಎಲ್ಲರೂ ‘ಏಷ್ಯನ್’ ಎಂಬ ಒಂದೇ ಬುಟ್ಟಿಯಲ್ಲಿ. ನಮ್ಮವರಿಗೆ ಹೃದಯದ ಕಾಯಿಲೆ ಬೇಗ ಬರುತ್ತದೆ ಎಂಬುದು ಆ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ದಕ್ಷಿಣ ಏಷ್ಯಾದವರನ್ನೇ ಆರಿಸಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊದಲ್ಲಿ 2010ರಲ್ಲಿ ಶುರುವಾದ ‘ಮಸಾಲಾ’ ಅಧ್ಯಯನ (ಹೆಸರು ನಿಜವಾಗಿಯೂ ಅದೇ!) ಬೇಕಾದದ್ದು ಅದಕ್ಕೇ.

ಐವತ್ತೆರಡಕ್ಕೆ ನನಗೇ ಸ್ಟೆಂಟ್ ಬಿತ್ತು. ಸಿಗರೇಟಿಲ್ಲ, ಗುಂಡಿಲ್ಲ. ಮನೆಗೆ ಬಂದು ನನ್ನ ದಾಖಲೆ ತೆರೆದರೆ, ಜನಾಂಗ: ‘ಗೊತ್ತಿಲ್ಲ’. ಅಂದರೆ ನಮ್ಮಂಥವರ ಹೃದಯದ ಲೆಕ್ಕದಲ್ಲಿ ನಾನೇ ಇಲ್ಲ! ಮುಂದಿನ ಭೇಟಿಯಲ್ಲಿ ಕೌಂಟರಿನ ಹುಡುಗಿಗೆ “ಏಷ್ಯನ್ ಇಂಡಿಯನ್” ಎಂದೆ. “ಏಷ್ಯನ್ ಅಂತ ಮಾತ್ರ ಇದೆ” ಎಂದಳು. “ಅದನ್ನೇ ಹಾಕಮ್ಮ, ಪಕ್ಕದಲ್ಲಿ ಜಾಗ ಇದ್ದರೆ ಇಂಡಿಯನ್ ಅಂತ ಸೇರಿಸು” ಎಂದೆ. ಹಿಂದೆ ನಿಂತಿದ್ದ ನನ್ನವಳು, “ನಂದೂ ಖಾಲಿ ಇದೆ ಕಣ್ರೀ” ಎಂದಳು.