ಗಿಟಾರ್ ಹರಾಜು ಹಾಕಿದವರು ಮತ್ತೆ ಹಾಡಿದ್ದೇಕೆ?

ಹಾಡು ಹರಾಮೋ, ಹಲಾಲೋ? ಈ ಪ್ರಶ್ನೆ ನಮ್ಮ ಮನೆಗಳಲ್ಲೂ ಆಗಾಗ ಬರುತ್ತದೆ. ಲಂಡನಿನ ಗಾಯಕರೊಬ್ಬರು ಈ ಪ್ರಶ್ನೆಯನ್ನೇ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಬದುಕಿದರು. ಅವರೇ ಯೂಸುಫ್ ಇಸ್ಲಾಂ.

1948ರಲ್ಲಿ ಹುಟ್ಟಿದ ಅವರ ಮೊದಲ ಹೆಸರು ಸ್ಟೀವನ್ ಜಾರ್ಜಿಯು. ತಂದೆ ಸೈಪ್ರಸ್‌ನ ಗ್ರೀಕ್, ತಾಯಿ ಸ್ವೀಡನ್‌ನವರು. ಮನೆಯವರದ್ದು ಹೋಟೆಲ್ ವ್ಯಾಪಾರ. ಹದಿಹರೆಯದಲ್ಲೇ ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಲ್ಲಿ ಹಾಡಿ ಪ್ರಸಿದ್ಧರಾದರು. 1969ರಲ್ಲಿ ಕ್ಷಯ ರೋಗ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಆಮೇಲೆ ಬರೆದ ಹಾಡುಗಳಲ್ಲಿ ಹುಡುಕಾಟವೇ ಜಾಸ್ತಿ. 1971ರ 'ಪೀಸ್ ಟ್ರೈನ್' ಲೋಕವೆಲ್ಲ ಸುತ್ತಿತು.

ಒಮ್ಮೆ ಅಮೆರಿಕದ ಮಾಲಿಬು ಕಡಲಲ್ಲಿ ಮುಳುಗುವ ಸ್ಥಿತಿ ಬಂತು. "ಕಾಪಾಡಿದರೆ ನಿನಗಾಗಿ ದುಡಿಯುವೆ" ಎಂದು ದೇವರಲ್ಲಿ ಬೇಡಿಕೊಂಡರು, ಅಲೆಯೊಂದು ದಡದತ್ತ ತಳ್ಳಿತು ಎಂದು ಅವರೇ ಹೇಳಿದ್ದಾರೆ. ಬಳಿಕ ಅಣ್ಣ ಕೊಟ್ಟ ಕುರ್‌ಆನ್ ಓದಿ 1977ರಲ್ಲಿ ಇಸ್ಲಾಂ ಸ್ವೀಕರಿಸಿದರು. 1979ರಲ್ಲಿ ಗಿಟಾರ್‌ಗಳನ್ನೆಲ್ಲ ಹರಾಜು ಹಾಕಿ ಹಣವನ್ನು ದಾನ ಕೊಟ್ಟರು. 1983ರಲ್ಲಿ ಲಂಡನಿನಲ್ಲಿ ಮಕ್ಕಳಿಗಾಗಿ ಇಸ್ಲಾಮಿಯಾ ಶಾಲೆ ಕಟ್ಟಿದರು. 1998ರಲ್ಲಿ ಅದಕ್ಕೆ ಸರಕಾರದ ಅನುದಾನವೂ ಸಿಕ್ಕಿತು.

ದಾರಿಯಲ್ಲಿ ಮುಳ್ಳೂ ಇತ್ತು. 1989ರಲ್ಲಿ ರಶ್ದಿ ವಿವಾದದ ಬಗ್ಗೆ ಆಡಿದ ಮಾತಿಗೆ ತೀವ್ರ ಟೀಕೆ ಬಂತು. ಕೊಲ್ಲಬೇಕೆಂದು ತಾನು ಕರೆ ಕೊಟ್ಟಿಲ್ಲ ಎಂದು ಅವರು ಮತ್ತೆ ಮತ್ತೆ ಹೇಳಬೇಕಾಯಿತು.

ಹಾಡಿನತ್ತ ಮನಸ್ಸು ತಿರುಗಿಸಿದ್ದರಲ್ಲಿ ಬೋಸ್ನಿಯಾದ ಪಾಲು ದೊಡ್ಡದು. ಅಲ್ಲಿನ ವಿದೇಶಾಂಗ ಸಚಿವ ಇರ್ಫಾನ್ ಲ್ಯುಬಿಯಾಂಕಿಚ್ ತಾನು ರಚಿಸಿದ ಹಾಡಿನ ಕ್ಯಾಸೆಟ್ ಒಂದನ್ನು ಯೂಸುಫರ ಕೈಗಿತ್ತಿದ್ದರು. 1995ರಲ್ಲಿ ಅವರ ಹೆಲಿಕಾಪ್ಟರನ್ನು ಹೊಡೆದುರುಳಿಸಲಾಯಿತು. ಯುದ್ಧದಲ್ಲಿ ನೊಂದ ಜನ ಹಾಡಿನಿಂದಲೇ ಧೈರ್ಯ ತಂದುಕೊಳ್ಳುತ್ತಿದ್ದುದನ್ನು ಯೂಸುಫ್ ಕಂಡಿದ್ದರು. 1997ರಲ್ಲಿ ಬೋಸ್ನಿಯಾಕ್ಕಾಗಿ ಆಲ್ಬಂ ತಂದರು. ಮುಂದೆ ಮಗ ಮನೆಗೆ ತಂದ ಗಿಟಾರನ್ನು ಒಂದು ದಿನ ಕೈಗೆತ್ತಿಕೊಂಡರು.

2004ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್‌ಗೆ ಹೊರಟ ಅವರ ವಿಮಾನವನ್ನು ಬೇರೆಡೆ ಇಳಿಸಿ, ಭದ್ರತೆಯ ನೆಪ ಹೇಳಿ ಅಮೆರಿಕ ಅವರನ್ನು ವಾಪಸ್ ಕಳಿಸಿತು. ಎರಡೇ ತಿಂಗಳಲ್ಲಿ ರೋಮ್‌ನಲ್ಲಿ ಗೊರ್ಬಚೇವ್ ಕೈಯಿಂದ ಶಾಂತಿ ಪ್ರಶಸ್ತಿ ಪಡೆದರು! 2006ರಲ್ಲಿ ಹೊಸ ಆಲ್ಬಂ ಬಂತು.

ಹಾಡು ಬಿಟ್ಟದ್ದೂ ಈಮಾನಿಗಾಗಿ, ಮತ್ತೆ ಹಾಡಿದ್ದೂ ಅದೇ ಈಮಾನಿನ ಬಲದಿಂದ. ಒಪ್ಪುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಹಾಡಿದ್ದಾಗಲೂ, ಹಾಡದಿದ್ದಾಗಲೂ ನೊಂದವರ ಕೈ ಅವರು ಬಿಡಲಿಲ್ಲ.