ಸ್ಲೋ ಕುಕ್ಕರ್, ರಾಜ್ಮಾ ಮತ್ತು ಬೆಕ್ಕಿನ ಮರಿ

ಬೆಳಿಗ್ಗೆ ಕಾಳು, ತರಕಾರಿ, ಮಸಾಲೆ, ನೀರು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಗುಂಡಿ ತಿರುಗಿಸಿ ಕೆಲಸಕ್ಕೆ ಹೋಗಿಬಿಡುವುದು. ಸಂಜೆ ಬಂದು ಮುಚ್ಚಳ ತೆಗೆದರೆ ಅಡುಗೆ ಸಿದ್ಧ. ಈ ಅನುಕೂಲ ಒದಗಿಸುವ ವಿದ್ಯುತ್ ಪಾತ್ರೆಯೇ ಸ್ಲೋ ಕುಕ್ಕರ್. ಅಮೆರಿಕ, ಬ್ರಿಟನ್‌ಗಳಲ್ಲಿ ಇದು ಬಲು ಸಾಮಾನ್ಯ ಸಾಧನ. ನಮ್ಮ ನಗರಗಳಲ್ಲೂ ಈಗ ಕೊಳ್ಳಲು ಸಿಗುತ್ತದೆ.

ಇಂಥ ಒಂದು ಪಾತ್ರೆಯಲ್ಲಿ ರಾಜ್ಮಾ ಮತ್ತು ಈರುಳ್ಳಿ ಬೇಯುತ್ತಿವೆ ಎಂದುಕೊಳ್ಳಿ. ಊಟಕ್ಕೆ ಕಾದಿರುವವರಲ್ಲಿ ಮನೆಯವರ ಜೊತೆಗೆ ಹೊಸದಾಗಿ ತಂದ ಒಂದು ಬೆಕ್ಕಿನ ಮರಿಯೂ ಇದೆ. ಅದಕ್ಕೆ ಚಿನ್ನಿ ಎಂದು ಹೆಸರಿಡುವುದೋ ಕರಿಯ ಎನ್ನುವುದೋ ಎಂದು ಮಕ್ಕಳಲ್ಲಿ ಇನ್ನೂ ವಾದ ನಡೆದಿದೆ. ಆ ಪಾತ್ರೆಯಲ್ಲಿರುವ ಎರಡು ಪದಾರ್ಥಗಳಲ್ಲೂ ಒಂದೊಂದು ವಿಷವಸ್ತು ಇದೆ. ಎರಡೂ ಕೆಂಪು ರಕ್ತಕಣಗಳ ಮೇಲೆ ಪರಿಣಾಮ ಮಾಡಬಲ್ಲವು. ಒಂದನ್ನು ಕುದಿಸಿದರೆ ನಾಶವಾಗುತ್ತದೆ. ಇನ್ನೊಂದು ಎಷ್ಟು ಹೊತ್ತು ಕುದಿಸಿದರೂ ಉಳಿಯುತ್ತದೆ. ಏಕೆ ಹೀಗೆ?

ಮೊದಲು ಪಾತ್ರೆಯನ್ನು ನೋಡೋಣ. ಇದನ್ನು ರೂಪಿಸಿದವರು ಷಿಕಾಗೋದ ಇಂಜಿನಿಯರ್ ಇರ್ವಿಂಗ್ ನ್ಯಾಕ್ಸನ್. 1940ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಲಿಥುವೇನಿಯದ ಯಹೂದಿಗಳು ಸಬ್ಬತ್ ದಿನ ಒಲೆ ಹೊತ್ತಿಸುವಂತಿಲ್ಲವಾದ್ದರಿಂದ ಹಿಂದಿನ ಸಂಜೆಯೇ ಕಾಳು, ಮಾಂಸಗಳ ಗಡಿಗೆಯನ್ನು ಬೇಕರಿಯ ಒಲೆಯಲ್ಲಿಟ್ಟು, ಆರುತ್ತಿರುವ ಒಲೆಯ ಕಾವಿನಲ್ಲೇ ರಾತ್ರಿಯೆಲ್ಲ ಬೇಯಲು ಬಿಡುತ್ತಿದ್ದರು. ತಾಯಿಯಿಂದ ಕೇಳಿದ ಈ ಸಂಗತಿಯೇ ನ್ಯಾಕ್ಸನ್ನರಿಗೆ ಪ್ರೇರಣೆ. ಮುಂದೆ ಅವರ ಕಂಪನಿಯನ್ನು ಕೊಂಡ ಸಂಸ್ಥೆ 1971ರಲ್ಲಿ ಇದನ್ನು 'ಕ್ರಾಕ್ ಪಾಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೂ ಮುಂಚೆ ಈ ಪಾತ್ರೆಗಿದ್ದ ಹೆಸರು 'ನ್ಯಾಕ್ಸನ್ ಬೀನರಿ', ಅಂದರೆ ಕಾಳು ಬೇಯಿಸುವ ಪಾತ್ರೆ! ತಮಾಷೆಯೆಂದರೆ, ಇದರಲ್ಲಿ ನೇರವಾಗಿ ಬೇಯಿಸಬಾರದ ವಸ್ತುವೂ ಒಂದು ಕಾಳೇ.

ಸ್ಲೋ ಕುಕ್ಕರಿನ ರಚನೆ ಸರಳ. ದಪ್ಪ ಪಿಂಗಾಣಿ ಪಾತ್ರೆ, ಅದನ್ನು ಸುತ್ತುವರಿದ ತಾಪಕ ತಂತಿ, ಮೇಲೊಂದು ಮುಚ್ಚಳ. ಅದರ ಸಾಮರ್ಥ್ಯ ಸಾಮಾನ್ಯವಾಗಿ 100ರಿಂದ 300 ವಾಟ್. ನಮ್ಮ ಇಸ್ತ್ರಿಪೆಟ್ಟಿಗೆ ಬಳಸುವ ವಿದ್ಯುತ್ತು ಇದಕ್ಕಿಂತ ಹಲವು ಪಟ್ಟು ಹೆಚ್ಚು. ಹೀಗಾಗಿ ಒಳಗಿನ ಪದಾರ್ಥದ ತಾಪ ಗಂಟೆಗಟ್ಟಲೆ ಮೆಲ್ಲಗೆ ಏರುತ್ತದೆ. ಮಾಂಸದ ಗಡುಸಿಗೆ ಕಾರಣವಾದ ಕೊಲ್ಯಾಜೆನ್ ಎಂಬ ಪ್ರೋಟೀನು ಇಂಥ ಮಂದ ಕಾವಿನಲ್ಲಿ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ, ಮಾಂಸ ಮೆತ್ತಗಾಗುತ್ತದೆ. ಕಾಳು ಕೂಡ ನೀರು ಹೀರಿ ಮೃದುವಾಗುತ್ತದೆ. ತೊಂದರೆ ಇರುವುದು ಇಲ್ಲೇ. ಮೆತ್ತಗಾಯಿತೆಂದರೆ ಬೆಂದಿತು ಎಂದೇ ನಾವು ಭಾವಿಸುತ್ತೇವೆ.

ರಾಜ್ಮಾ ಕಾಳಿನಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ಪ್ರೋಟೀನ್ ಇದೆ. ಹೆಸರು ಉದ್ದವಾದರೂ ಅರ್ಥ ಸುಲಭ: ರಕ್ತಕಣಗಳನ್ನು ಅಂಟಿಸುವ ಸಸ್ಯವಸ್ತು. ಇದು ಲೆಕ್ಟಿನ್ ಎಂಬ ಗುಂಪಿಗೆ ಸೇರಿದ್ದು. ಜೀವಕೋಶದ ಹೊರಮೈಯಲ್ಲಿರುವ ಸಕ್ಕರೆಯ ಸರಪಣಿಗಳನ್ನು ಗುರುತಿಸಿ ಹಿಡಿದುಕೊಳ್ಳುವುದು ಲೆಕ್ಟಿನ್‌ಗಳ ಸ್ವಭಾವ. ಈ ಅಣುವಿನಲ್ಲಿ ನಾಲ್ಕು ಉಪಘಟಕಗಳಿರುವುದರಿಂದ ಅದು ಏಕಕಾಲಕ್ಕೆ ಹಲವು ಕಣಗಳನ್ನು ಹಿಡಿದು ಗಂಟುಕಟ್ಟಬಲ್ಲದು. ಅಂದಹಾಗೆ ಈ ವಿಷವಸ್ತು ವಿಜ್ಞಾನಕ್ಕೆ ದೊಡ್ಡ ಉಪಕಾರವನ್ನೂ ಮಾಡಿದೆ. ರಕ್ತದಿಂದ ಕೆಂಪು ಕಣಗಳನ್ನು ಬೇರ್ಪಡಿಸಲು ಇದನ್ನು ಬಳಸುತ್ತಿದ್ದಾಗ, ಇದು ಬಿಳಿ ರಕ್ತಕಣಗಳನ್ನು ವಿಭಜನೆಗೆ ಪ್ರಚೋದಿಸುತ್ತದೆಂದು ಅಮೆರಿಕದ ಪೀಟರ್ ನೊವೆಲ್ 1960ರಲ್ಲಿ ತೋರಿಸಿದರು. ಮನುಷ್ಯನ ಕ್ರೋಮೋಸೋಮುಗಳ ಅಧ್ಯಯನ ಅದರಿಂದ ಬಹಳ ಸುಲಭವಾಯಿತು.

ತಿಂದಾಗ ಇದರ ದಾಳಿ ನಡೆಯುವುದು ಕರುಳಿನ ಒಳಪದರದ ಮೇಲೆ. ಹಸಿ ಕಾಳು ನಾಲ್ಕೈದು ಹೊಟ್ಟೆಗೆ ಹೋದರೂ ಸಾಕು, 1ರಿಂದ 3 ಗಂಟೆಗಳಲ್ಲಿ ತೀವ್ರ ವಾಂತಿ, ಅನಂತರ ಭೇದಿ ಕಾಣಿಸಬಹುದು. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಚೇತರಿಕೆಯಾಗುತ್ತದೆ. ಬಿಳಿಯ ರಾಜ್ಮಾದಲ್ಲಿ ಇದರ ಪ್ರಮಾಣ ಕೆಂಪಿನದರ ಮೂರನೆಯ ಒಂದು ಭಾಗದಷ್ಟು. ಆದರೂ 2006ರ ಮೇ ತಿಂಗಳಲ್ಲಿ ಜಪಾನಿನ ಒಂದು ಟಿವಿ ಕಾರ್ಯಕ್ರಮ, ಬಿಳಿ ಕಾಳನ್ನು ಮೂರು ನಿಮಿಷ ಹುರಿದು ಪುಡಿಮಾಡಿ ಅನ್ನದ ಮೇಲೆ ಉದುರಿಸಿ ತಿಂದರೆ ತೂಕ ಇಳಿಯುತ್ತದೆ ಎಂದು ಹೇಳಿದಾಗ, ಅದನ್ನು ನಂಬಿದ ಸುಮಾರು 1000 ಜನ ವಾಂತಿ ಭೇದಿಗೆ ತುತ್ತಾದರು. ಸುಮಾರು 100 ಜನ ಆಸ್ಪತ್ರೆ ಸೇರಿದರು.

ಈಗ ತಾಪದ ಲೆಕ್ಕಕ್ಕೆ ಬನ್ನಿ. ಕುದಿಯುವ ನೀರಿನಲ್ಲಿ 10 ನಿಮಿಷ ಇದ್ದರೆ ಈ ಲೆಕ್ಟಿನ್ ನಾಶವಾಗುತ್ತದೆ. ಆದರೆ ಸ್ಲೋ ಕುಕ್ಕರಿನಲ್ಲಿ ಬೇಯಿಸಿದ ಪದಾರ್ಥಗಳನ್ನು ಪರೀಕ್ಷಿಸಿದಾಗ ಹಲವು ಬಾರಿ ಅವುಗಳ ಒಳಗಿನ ತಾಪ 75° ಸೆ. ದಾಟಿರಲಿಲ್ಲ. ಅದಕ್ಕಿಂತ ಗಾಬರಿಯ ವಿಷಯವೆಂದರೆ, 80° ಸೆ.ನಷ್ಟು ಮಾತ್ರ ಕಾಯಿಸಿದ ಕಾಳು ಹಸಿ ಕಾಳಿಗಿಂತ ಐದು ಪಟ್ಟು ಹೆಚ್ಚು ವಿಷಕಾರಿಯಾಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ. ಎಂಟು ಗಂಟೆ ಬೇಯಿಸಿದ್ದೇವೆ ಎಂಬ ಸಮಾಧಾನ ಇಲ್ಲಿ ಪ್ರಯೋಜನಕ್ಕೆ ಬಾರದು.

ಆದ್ದರಿಂದ ರಾಜ್ಮಾವನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಚೆನ್ನಾಗಿ ಕುದಿಸಿ. ಆಮೇಲೆ ಬೇಕಾದರೆ ಸ್ಲೋ ಕುಕ್ಕರಿಗೆ ಹಾಕಿ. 10 ನಿಮಿಷ ಸಾಕಾದರೂ 30 ಎನ್ನುವುದು ಕಾಳಿನ ಒಳಗೂ ಕಾವು ಪೂರ್ತಿ ತಲುಪಲೆಂದು. ನಮ್ಮ ಮನೆಗಳಲ್ಲಿ ಇಂಥ ತೊಂದರೆ ಅಪರೂಪವಾಗಿರುವುದಕ್ಕೆ ಪ್ರೆಷರ್ ಕುಕ್ಕರಿಗೆ ಕೃತಜ್ಞರಾಗಿರಬೇಕು. ಸೀಟಿ ಹೊಡೆಯುವಾಗ ಅದರೊಳಗಿನ ತಾಪ ಸುಮಾರು 120° ಸೆ. ಇರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು ಸುಮಾರು 97° ಸೆ.ನಲ್ಲಿ.

ಕುದಿತಕ್ಕೆ ಈ ಶಕ್ತಿ ಎಲ್ಲಿಂದ ಬಂತು? ಪ್ರೋಟೀನು ಒಂದು ಉದ್ದನೆಯ ಸರಪಣಿ. ಅದು ನಿರ್ದಿಷ್ಟ ಆಕಾರದಲ್ಲಿ ಮಡಿಸಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಆ ಮಡಿಕೆಗಳನ್ನು ಹಿಡಿದಿಟ್ಟಿರುವುದು ಬಹುಮಟ್ಟಿಗೆ ಹೈಡ್ರೊಜನ್ ಬಂಧದಂಥ ದುರ್ಬಲ ಬಂಧಗಳು. ಕಾವು ಹೆಚ್ಚಿದಾಗ ಅಣು ಅಲುಗಾಡಿ ಈ ಬಂಧಗಳು ಬಿಚ್ಚಿಕೊಳ್ಳುತ್ತವೆ, ಆಕಾರ ಕೆಡುತ್ತದೆ. ಮೊಟ್ಟೆಯ ಬಿಳಿಭಾಗ ಬೆಂದು ಗಟ್ಟಿಯಾಗುವುದು ಹೀಗೆಯೇ. ಆದರೆ ಬಿಚ್ಚಿಕೊಳ್ಳುವ ತಾಪ ಎಲ್ಲ ಪ್ರೋಟೀನುಗಳಿಗೂ ಒಂದೇ ಅಲ್ಲ. ಮೊಟ್ಟೆಯ ಬಿಳಿಭಾಗ 60° ಸೆ. ದಾಟುತ್ತಲೇ ಹೆಪ್ಪುಗಟ್ಟತೊಡಗಿದರೆ, ರಾಜ್ಮಾದ ಲೆಕ್ಟಿನ್ 80° ಸೆ.ನಲ್ಲೂ ಸುಲಭಕ್ಕೆ ಜಗ್ಗದು.

ಈರುಳ್ಳಿಯ ಕಥೆ ಬೇರೆ. ಅದರಲ್ಲಿರುವುದು ಗಂಧಕಯುಕ್ತವಾದ ಪುಟ್ಟ ಅಣುಗಳು. ಅವುಗಳಲ್ಲಿ ಬಿಚ್ಚಿಕೊಳ್ಳಲು ಮಡಿಕೆಗಳೇ ಇಲ್ಲ. ಪರಮಾಣುಗಳನ್ನು ಬೆಸೆದಿರುವುದು ಬಲವಾದ ಸಹವೇಲೆನ್ಸೀಯ ಬಂಧ. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿಮಾಡಿದರೂ ಅವುಗಳ ದೋಷ ಹೋಗದು. ನಮಗೆ ಅದರಿಂದ ಬಾಧೆಯಿಲ್ಲ. ಬೆಕ್ಕಿಗೆ ಮಾತ್ರ ಅಪಾಯ.

ಇದರ ಕಾರಣ ಹಿಮೋಗ್ಲೋಬಿನ್ನಿನಲ್ಲಿದೆ. ಈರುಳ್ಳಿಯ ಗಂಧಕ ಸಂಯುಕ್ತಗಳು ದೇಹದಲ್ಲಿ ಮಾರ್ಪಟ್ಟು ಹಿಮೋಗ್ಲೋಬಿನ್ನಿನ ಸಲ್ಫೈಡ್ರಿಲ್ ಗುಂಪುಗಳನ್ನು ಉತ್ಕರ್ಷಿಸುತ್ತವೆ. ಹೀಗೆ ದಾಳಿಗೆ ಸಿಗಬಲ್ಲ ಗುಂಪುಗಳು ಮನುಷ್ಯನ ಹಿಮೋಗ್ಲೋಬಿನ್ನಿನಲ್ಲಿ 2, ನಾಯಿಯದರಲ್ಲಿ 4, ಬೆಕ್ಕಿನದರಲ್ಲಿ 8. ಕೆಟ್ಟ ಹಿಮೋಗ್ಲೋಬಿನ್ ರಕ್ತಕಣದೊಳಗೆ ಗಂಟಾಗಿ ಕೂರುತ್ತದೆ. 1890ರಲ್ಲಿ ಇವನ್ನು ವಿವರಿಸಿದ ಜರ್ಮನ್ ವೈದ್ಯ ರಾಬರ್ಟ್ ಹೈಂಜ್‌ರ ಹೆಸರಿನಲ್ಲಿ ಇವನ್ನು ಹೈಂಜ್ ಕಾಯಗಳು ಎನ್ನುತ್ತಾರೆ. ಇಂಥ ಕಣಗಳು ಒಡೆದುಹೋಗಿ ಬೆಕ್ಕಿಗೆ ರಕ್ತಹೀನತೆ ಬರುತ್ತದೆ.

ಎಷ್ಟು ತಿಂದರೆ ಅಪಾಯ? ದೇಹತೂಕದ ಪ್ರತಿ ಕಿಲೋಗ್ರಾಂಗೆ 5 ಗ್ರಾಂ ಈರುಳ್ಳಿಯೇ ಬೆಕ್ಕಿನ ರಕ್ತದಲ್ಲಿ ಬದಲಾವಣೆ ತರಬಲ್ಲದು. ಒಂದು ಕಿಲೋ ತೂಗುವ ಮರಿಗೆ ಇದು ಒಂದು ಚಮಚದಷ್ಟು ಹೆಚ್ಚಿದ ಈರುಳ್ಳಿ. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ಸಾರಿನ ತಿಳಿಯಷ್ಟೇ ಹಾಕಿದರೆ ಏನೂ ಆಗದು ಎನ್ನುವಂತಿಲ್ಲ, ಏಕೆಂದರೆ ಗಂಟೆಗಟ್ಟಲೆ ಬೆಂದ ಈರುಳ್ಳಿಯ ಸತ್ವವೆಲ್ಲ ಆ ತಿಳಿಯಲ್ಲೇ ಇಳಿದಿರುತ್ತದೆ. ಈರುಳ್ಳಿ ಪುಡಿ ಬೆರೆತ ಶಿಶು ಆಹಾರ ತಿಂದ ಬೆಕ್ಕುಗಳಲ್ಲೂ ಹೈಂಜ್ ಕಾಯಗಳು ಕಂಡುಬಂದಿವೆ.

ಲಕ್ಷಣಗಳು ತಡವಾಗಿ, ಎಷ್ಟೋ ಸಲ ಕೆಲವು ದಿನಗಳ ನಂತರ ಕಾಣಿಸುವುದರಿಂದ ಮನೆಯವರಿಗೆ ಕಾರಣ ಹೊಳೆಯುವುದಿಲ್ಲ. ಮರಿ ಮಂಕಾಗಿ, ಊಟ ಬಿಟ್ಟು, ಒಸಡು ಬಿಳಿಚಿಕೊಂಡು, ಮೂತ್ರ ಕೆಂಪು ಇಲ್ಲವೆ ಕಂದಾಗಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಕಳೆದ ನಾಲ್ಕೈದು ದಿನ ಅದು ಏನೇನು ತಿಂದಿತ್ತು ಎಂಬುದನ್ನೂ ಅವರಿಗೆ ತಿಳಿಸಿ. ಮನೆಯಲ್ಲಿ ಬೇಯಿಸಿದ್ದನ್ನೇ ಅದಕ್ಕೂ ಕೊಡುವ ಆಸೆಯಿದ್ದರೆ ಮೀನನ್ನೋ ಕೋಳಿಯನ್ನೋ ಬರಿಯ ನೀರಿನಲ್ಲಿ ಬೇಯಿಸಿ, ಒಗ್ಗರಣೆಗೆ ಮುಂಚೆಯೇ ಅದರ ಪಾಲನ್ನು ತೆಗೆದು ಬೇರೆ ಇಡಿ.